ಸೇತುವೆ ಕಡೆಯ ಗೋಡೆ

ಈ ಊರಿನ ಯಾವ ಮನೆಗೂ ಸೇತುವೆ ಕಡೆ ಕಿಟಕಿಯಿಲ್ಲ. ಬೆಟ್ಟ ಹತ್ತಲು ಬಂದ ದಿನ ಅದನ್ನು ಮೊದಲು ಗಮನಿಸಿದವಳು ನಾನೇ, ನೋಡಿ ನಕ್ಕವಳೂ ನಾನೇ. "ಹೊಳೆ ಇಷ್ಟು ಚೆನ್ನಾಗಿ ಕಾಣೋ ಕಡೆ ಬೋಳು ಗೋಡೆ ಎಬ್ಬಿಸ್ಕೊಂಡು ಕೂತಿದಾರಲ್ಲೇ, ಇವರಿಗೇನು ಕಣ್ಣಿಲ್ವಾ?" ಅಂದಿದ್ದೆ. ಮನೆಗಳೂ ಒಂದು ಸಾಲಿನಲ್ಲಿರಲಿಲ್ಲ. ಒಂದು ದಾರಿಯ ನಟ್ಟನಡುವೆ, ಇನ್ನೊಂದು ಚರಂಡಿಯ ಮೇಲೆ ಅಡ್ಡಡ್ಡ, ಮತ್ತೊಂದು ಬಂಡೆಗೆ ಬೆನ್ನು ಆನಿಸಿಕೊಂಡು. ಮೇಲೆ ಬೆಟ್ಟದ ಕಡೆ ಅಲ್ಲೊಂದು ಇಲ್ಲೊಂದು. ಕೆಳಗೆ ಬಂದ ಹಾಗೆಲ್ಲ ಒತ್ತೊತ್ತಾಗಿ, ಸೇತುವೆಯ ಹತ್ತಿರವಂತೂ ಒಂದರ ಸೂರು ಇನ್ನೊಂದಕ್ಕೆ ತಗಲುವ ಹಾಗೆ. ಬಸ್ಸಿನಲ್ಲಿ ಕಂಡಕ್ಟರಾಗಿ ಅರ್ಧ ಆಯಸ್ಸು ಕಳೆದವಳು ನಾನು, ನೋಡದ ಊರಿಲ್ಲ. ಇಂಥ ಊರು ಮಾತ್ರ ನೋಡಿರಲಿಲ್ಲ. ಕಟ್ಟಿದವನಿಗೆ ತಲೆ ಕೆಟ್ಟಿರಬೇಕು ಅಂದುಕೊಂಡೆ. ಈಗ ಇದೇ ನನ್ನ ಊರು.

ನಾವು ನಾಲ್ಕು ಜನ, ಒಂದು ಕಾಲಕ್ಕೆ ಹೈಸ್ಕೂಲಿನ ಖೋಖೋ ತಂಡದಲ್ಲಿ ಒಟ್ಟಿಗೆ ಆಡಿದವರು. ತಂಡದ ಉಳಿದವರು ಗಂಡ, ಮಕ್ಕಳು, ಮಣ್ಣು ಅಂತ ಹಂಚಿಹೋದರು. ನಾವು ಮಾತ್ರ ಒಬ್ಬರ ಸೆರಗು ಒಬ್ಬರು ಬಿಡಲಿಲ್ಲ. ಇಂದ್ರಾಣಿ ಆಗ ಕ್ಯಾಪ್ಟನ್ನು, ಆಮೇಲೂ ಕ್ಯಾಪ್ಟನ್ನೇ. ಬಸ್ ನಿಲ್ದಾಣದ ಕ್ಯಾಂಟೀನು ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆಳು ಚೆನ್ನಾಗಿ ದಪ್ಪಗಾಗಿ, ಕಾಫಿ ಸೋಸುತ್ತಲೇ ಊರನ್ನೆಲ್ಲ ಗದರಿಸುತ್ತಿದ್ದಳು. ಜುಲೇಖಾ ಟೈಲರು, ಒಣಕಡ್ಡಿ, ಬಾಯಿ ಮಾತ್ರ ಹೊಲಿಗೆ ಯಂತ್ರ. ನಂಜಮಣ್ಣಿ ಹಿಟ್ಟಿನ ಗಿರಣಿಯವಳು. ನೆರಳಿಗೂ ಹೆದರುವ ಜೀವ, ಆದರೆ ಅವಳ ಹೆಗಲು ಎತ್ತಿನ ಹೆಗಲು. ನಾನು ದೇವೀರಿ. ನನ್ನನ್ನು ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ. ವರ್ಷಕ್ಕೊಂದು ಸಲ ಬೆನ್ನಿಗೆ ಚೀಲ ಕಟ್ಟಿಕೊಂಡು ಯಾವುದಾದರೂ ಬೆಟ್ಟ ತಿರುಗಿ ಬರುವುದು ನಮ್ಮ ವ್ರತ. ಈ ಬೆಟ್ಟಗಳನ್ನು ಆರಿಸಿದವಳು ಇಂದ್ರಾಣಿ.

ಹತ್ತುವ ದಿನ ಸೇತುವೆಯ ಮೇಲೆ ಹುಚ್ಚುಗಾಳಿ. ಹಗ್ಗ ಮತ್ತು ಹಲಗೆಯ ಸೇತುವೆ ಅದು, ತೊಟ್ಟಿಲಿನಂತೆ ತೂಗುತ್ತಿತ್ತು. ನಂಜಮಣ್ಣಿ ನಾಲ್ಕು ಕಾಲಲ್ಲಿ ತೆವಳಿದಳು. ಇಂದ್ರಾಣಿ ಅವಳನ್ನು ಗೇಲಿ ಮಾಡುತ್ತ ನಗುತ್ತಿದ್ದಳು, ಆದರೆ ಎರಡೂ ಕೈಯಲ್ಲಿ ಹಗ್ಗವನ್ನು ಹಿಡಿದಿದ್ದ ಬಿಗಿ ನೋಡಿದರೆ ಅವಳ ಭಯವೂ ಗೊತ್ತಾಗುತ್ತಿತ್ತು. ಈಚೆ ದಡದಲ್ಲಿ ಒಬ್ಬ ಮುದುಕ ಕೂತಿದ್ದ. "ಬೆಟ್ಟದಲ್ಲಿ ಹೊತ್ತದ್ದನ್ನ ನೆಲಕ್ಕೆ ಇಳಿಸ್ಬೇಡಿ ತಾಯಿ. ಎಲ್ಲಾದ್ರೂ ತೂಗಾಕಿ," ಅಂದ. ಸರಿ ಅಂದೆವು. ಜುಲೇಖಾ ಮೊದಲ ಏರಿನಲ್ಲೇ ಮರೆತು, ಉಸ್ಸಪ್ಪಾ ಅಂತ ಚೀಲ ಇಳಿಸಿದಳು. ಆಮೇಲೆ ನಾಲ್ವರೂ ಹಿಡಿದು ಜಗ್ಗಿದರೂ ಚೀಲ ಕದಲಲಿಲ್ಲ. ಬಿಚ್ಚಿ, ಒಳಗಿನ ಬಟ್ಟೆ, ಅವಲಕ್ಕಿ, ತಟ್ಟೆ ಎಲ್ಲವನ್ನೂ ಕೈಯಲ್ಲಿ ತೆಗೆದುಕೊಂಡು ನಮ್ಮ ಚೀಲಗಳಿಗೆ ತುರುಕಿದಳು. ಖಾಲಿ ಚೀಲ ಈಗಲೂ ಅಲ್ಲೇ ಇದೆ. ದಾರಿಯುದ್ದಕ್ಕೂ ಅಂಥವೇ: ಕಬ್ಬಿಣದ ಟ್ರಂಕು, ರುಬ್ಬುವ ಕಲ್ಲು, ಯಾರೋ ಹೊತ್ತು ತಂದ ಬಾಗಿಲು. ರಾತ್ರಿ ತಂಗುವ ಛತ್ರಗಳ ತೊಲೆಗಳಲ್ಲಿ ಸಾಲಾಗಿ ಮರದ ಕೊಕ್ಕೆಗಳಿದ್ದವು. ಬೆಟ್ಟದ ನೆತ್ತಿಯಲ್ಲಿ ಬೆಳೆಯುವ ಒಂದು ಮರದಿಂದ ಮಾಡಿದವು, ಬೇರೆ ಮರ ಭಾರ ತಡೆಯುವುದಿಲ್ಲವಂತೆ. ನಾವು ಅಲ್ಲಿ ಚೀಲ ನೇತುಹಾಕಿ ಮಲಗುತ್ತಿದ್ದೆವು. ಮೇಲಿನ ದಿನಗಳನ್ನು ಹೇಳಹೊರಟರೆ ನನಗೆ ಹೊಟ್ಟೆ ಉರಿಯುತ್ತದೆ. ಚೆನ್ನಾಗಿದ್ದವು, ಅಷ್ಟೇ.

ಇಳಿಯುವಾಗ ಜಾರುಕಲ್ಲಿನ ಮೇಲೆ ಇಂದ್ರಾಣಿಯ ಕಾಲು ತಪ್ಪಿತು. ಕೆಳಗಿನ ಬಂಡೆಗೆ ಹೋಗಿ ಬಿದ್ದಳು. ಮೊಣಕಾಲಿನ ಕೆಳಗೆ ಮೂಳೆ ಮುರಿದು, ಚರ್ಮ ಹರಿದು ಬಿಳಿಯದೇನೋ ಕಾಣುತ್ತಿತ್ತು. ಜುಲೇಖಾ ತನ್ನ ದುಪಟ್ಟಾ ಹರಿದು ಕಟ್ಟಿದಳು. ಹತ್ತಿರದ ಛತ್ರದ ಅಜ್ಜಿ ಬಂದು ಕಾಲನ್ನಲ್ಲ, ನಮ್ಮ ಹೆಗಲನ್ನು ನೋಡಿದಳು. ಒಂದು ಉದ್ದನೆಯ ಬೊಂಬು, ಒಂದು ಕಂಬಳಿ ತಂದುಕೊಟ್ಟಳು.

"ತಾನಾಗಿ ಬಿದ್ದೋರನ್ನ ಒಂದ್ಸಲ ಎತ್ಬೋದು," ಅಂದಳು. "ಎತ್ತಿದ ಹೆಗಲೇ ಕೊನೇ ತನಕ ಹೊರಬೇಕು, ಹೊಸಬರು ಕೊಟ್ರೆ ಏಳಲ್ಲ. ಛತ್ರ ಸಿಕ್ಕಿದ ಕಡೆ ಕೊಕ್ಕೆಗೆ ತೂಗಾಕಿ. ಸೇತುವೆ ದಾಟಿದ್ರೆ ಗೆದ್ರಿ, ಆ ಕಡೆ ಆಸ್ಪತ್ರೆ ಐತೆ. ನಡುವೆ ಇಳಿಸಿದ್ರೋ, ಅಲ್ಲೇ ಮನೆ ಕಟ್ಟಿ."

ಅದು ಗಾದೆ ಇರಬೇಕು ಅಂದುಕೊಂಡೆ.

ನಮ್ಮ ಚೀಲಗಳನ್ನು ಆ ಛತ್ರದ ಕೊಕ್ಕೆಗೇ ಬಿಟ್ಟೆವು. ಕಂಬಳಿಯನ್ನು ಜೋಲಿ ಮಾಡಿ, ಇಂದ್ರಾಣಿಯನ್ನು ಅದರಲ್ಲಿ ಮಲಗಿಸಿ ಎತ್ತಿದೆವು. ಅವಳ ತಲೆ ಮುಂದೆ, ಕಾಲು ಹಿಂದೆ. ಹಾಗಾಗಿ ಅವಳಿಗೆ ಕಾಣುತ್ತಿದ್ದದ್ದು ಬಿಟ್ಟು ಬಂದ ಬೆಟ್ಟ ಮಾತ್ರ. ಮೂವರಲ್ಲಿ ಇಬ್ಬರು ಹೊರುವುದು, ಒಬ್ಬಳು ಬರಿಗೈಯಲ್ಲಿ ನಡೆಯುವುದು. ಹೆಗಲು ಬದಲಿಸುವಾಗ ಗಲಿಬಿಲಿ ಆಗಬಾರದಲ್ಲ, ಅದಕ್ಕೆ ಇಂದ್ರಾಣಿಯೇ ಜೋಲಿಯಲ್ಲಿ ಮಲಗಿದ್ದುಕೊಂಡು ನಿಯಮ ಮಾಡಿದಳು. ಬರಿಗೈಯವಳು ಬಂದು ಮೊದಲು ಬೊಂಬಿಗೆ ಹೆಗಲು ಕೊಡಬೇಕು. ಆಮೇಲೆ ಹೊತ್ತವಳ ಬೆನ್ನು ತಟ್ಟಿ "ಖೋ" ಅನ್ನಬೇಕು. ಆಗ ಹೊತ್ತವಳು ನುಸುಳಿ ಹೊರಗೆ ಬರುವುದು. "ಬೆನ್ನಿಗೆ ಏಟು ಬಿದ್ದು, ಖೋ ಅಂತ ಕೇಳೋವರೆಗೂ ಯಾರೂ ಜಾಗ ಬಿಡಂಗಿಲ್ಲ. ಕೇಳಿದ್ಮೇಲೆ ಯಾರೂ ನಿಲ್ಲಂಗಿಲ್ಲ. ತಿಳೀತೇನ್ರೇ?" ಅಂದಳು. ಮೈದಾನದಲ್ಲಿ ಗದರುತ್ತಿದ್ದ ಅದೇ ಗಂಟಲು. ನಮಗೆ ಅಷ್ಟರಲ್ಲೇ ಧೈರ್ಯ ಬಂತು.

ಮೊದಲ ದಿನ ಅವಳು ತಮಾಷೆ ಮಾಡುತ್ತಲೇ ಇದ್ದಳು. "ಮದುವೇಲಿ ಮೇನೆ ಬೇಕು ಅಂತ ಅತ್ತಿದ್ದೆ, ಟ್ರಾಕ್ಟರಲ್ಲಿ ಕರ್ಕೊಂಡು ಹೋದ್ರು. ಈಗ ಸಿಕ್ತು ನೋಡ್ರೇ." ನಾನು, "ಮೇನೆ ಹೊರೋರಿಗೆ ಹೊಟ್ಟೆ ತುಂಬ ಊಟ ಹಾಕ್ತಾರೆ, ನೀನು ಬರೀ ಬೈಗುಳ ಹಾಕ್ತೀಯ," ಅಂದೆ. ಎರಡನೆಯ ದಿನ ತಮಾಷೆ ಕಮ್ಮಿಯಾಯಿತು. ಆಮೇಲೆ ಮಾತೇ ನಿಂತಿತು. ಕಾಲು ಬಾತು ಹೊಳೆಯತೊಡಗಿತು, ಕಟ್ಟಿದ ಬಟ್ಟೆಯಿಂದ ವಾಸನೆ ಬರತೊಡಗಿತು. ಜ್ವರದಲ್ಲಿ ಕ್ಯಾಂಟೀನಿನ ಹುಡುಗರ ಹೆಸರು ಹಿಡಿದು, ಹಾಲು ಉಕ್ಕಿತು ನೋಡ್ರೋ ಅನ್ನುತ್ತಿದ್ದಳು. ನಮ್ಮ ಹೆಗಲಿನ ಚರ್ಮ ಸುಲಿದು, ರವಿಕೆ ಅದಕ್ಕೇ ಅಂಟಿಕೊಂಡಿತ್ತು. ಜುಲೇಖಾ ಮಾತಾಡುವುದನ್ನು ಬಿಟ್ಟದ್ದು ನಾನು ಹುಟ್ಟಿದ ಮೇಲೆ ಅದೇ ಮೊದಲು. ಕಿವಿಗೆ ಏನೂ ಕೇಳಿಸದಷ್ಟು ದಣಿದಿದ್ದಾಗಲೂ ಬೆನ್ನಿಗೆ ಏಟು ಬಿದ್ದು "ಖೋ" ಅಂದರೆ ಮೈ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಸರಿದ ಮೇಲೆ ಗೊತ್ತಾಗುತ್ತಿತ್ತು, ಓಹೋ, ನನ್ನ ಸರದಿ ಮುಗಿಯಿತು ಅಂತ.

ನಂಜಮಣ್ಣಿಗೆ ಮಾತ್ರ ಒಂದೇ ಜಪ. "ಸೇತುವೆ ಹೇಗೇ ದಾಟೋದು? ಬೊಂಬು ಹಿಡಿದ್ರೆ ಹಗ್ಗ ಹಿಡಿಯಕ್ಕಾಗಲ್ಲ. ಬರಿಗೈಲೇ ನಾನು ತೆವಳಿದೀನಿ. ಹೇಗೇ ದಾಟೋದು?"

"ಬಾಯಿ ಮುಚ್ಕೊಂಡು ನಡಿಯೇ," ಅಂತ ಗದರಿದೆ. "ಸೇತುವೆ ಬಂದಾಗ ಸೇತುವೆ."

"ಎಲ್ಲರೂ ಹೊಳೆ ಪಾಲಾಗ್ತೀವಿ ದೇವೀರಿ."

"ಆದ್ರೆ ಆಗಣ. ನಡಿ."

ಜೋಲಿಯೊಳಗಿನವಳು ನಿದ್ದೆ ಹೋಗಿದ್ದಾಳೆ ಅಂದುಕೊಂಡಿದ್ದೆ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಕಡೆಯ ದಿನ ಇಳಿಹೊತ್ತಿಗೆ ಊರಿಗೆ ಬಂದೆವು. ಮನೆಮನೆಯಿಂದ ಒಬ್ಬೊಬ್ಬರು ಹೊರಗೆ ಬಂದರು. ಪ್ರತಿ ಮನೆಯಿಂದಲೂ ಒಬ್ಬರೇ. ತೆರೆದ ಬಾಗಿಲೊಳಗೆ, ನಡುಮನೆಯಲ್ಲಿ, ನೆಲದ ಮೇಲೆ ಮಲಗಿದ ಇನ್ನೊಬ್ಬರು ಕಾಣುತ್ತಿದ್ದರು. ಹೊರಗೆ ಬಂದವರು ನಮ್ಮ ಜೊತೆಜೊತೆಗೆ ನಡೆದರು, ಚೊಂಬು ಬಾಯಿಗೆ ಹಿಡಿದು ನೀರು ಕುಡಿಸಿದರು, ಕಣ್ಣಿಗಿಳಿದ ಬೆವರು ಒರೆಸಿದರು. ಬೊಂಬನ್ನು ಮಾತ್ರ ಯಾರೂ ಮುಟ್ಟಲಿಲ್ಲ. "ಇಳಿಸ್ಬೇಡಿ, ಅವ್ವ. ಇಳಿಸ್ಬೇಡಿ," ಅಂತ ಮೆಲ್ಲಗೆ ಅನ್ನುತ್ತಲೇ ಇದ್ದರು. ಮನೆಗಳು ಅಲ್ಲಲ್ಲಿ ಯಾಕೆ ನಿಂತಿವೆ, ಸೇತುವೆ ಹತ್ತಿರ ಬಂದಂತೆ ಯಾಕೆ ಒತ್ತೊತ್ತಾಗಿವೆ ಅಂತ ಆಗ ನನಗೆ ಗೊತ್ತಾಯಿತು. ಅಜ್ಜಿ ಹೇಳಿದ್ದು ಗಾದೆಯಲ್ಲ. 

ಗಾಳಿ ಎದ್ದಿತ್ತು. ಮನೆಗಳ ಸಂದಿಯಲ್ಲಿ ಸೇತುವೆ ಕಾಣಿಸಿತು, ತೂಗುತ್ತಿತ್ತು. ಮುಂದೆ ನಂಜಮಣ್ಣಿ, ಹಿಂದೆ ನಾನು, ಪಕ್ಕದಲ್ಲಿ ಜುಲೇಖಾ. ನಂಜಮಣ್ಣಿ ಒಂದು ಸಲ ಮುಗ್ಗರಿಸಿ ಸಾವರಿಸಿಕೊಂಡಳು. "ಅಯ್ಯೋ ದೇವರೇ, ಅಯ್ಯೋ ದೇವರೇ," ಅನ್ನುತ್ತಿದ್ದಳು. ಕೊನೆಯ ಮನೆ ದಾಟಿತು. ಮುಂದೆ ಒಂದಿಷ್ಟು ಬಯಲು, ಅದರಾಚೆ ಸೇತುವೆಯ ಕಂಬ. ಒಂದು ಕಲ್ಲು ಎಸೆದರೆ ಕಂಬಕ್ಕೆ ತಾಕುತ್ತಿತ್ತು.

ಜೋಲಿಯಿಂದ ಒಂದು ಕೈ ಮೇಲೆ ಬಂದದ್ದು ಕಂಡೆ. ದಾಹವೇನೋ ಅಂದುಕೊಂಡೆ. ಆ ಕೈ ನಂಜಮಣ್ಣಿಯ ಬೆನ್ನಿಗೆ ಪಟ್ಟಂತ ಬಡಿಯಿತು.

"ಖೋ!"

ಗಟ್ಟಿಯಾಗಿ, ಸ್ಪಷ್ಟವಾಗಿ, ಕ್ಯಾಪ್ಟನ್ ಕೊಟ್ಟ ಖೋ. ನಂಜಮಣ್ಣಿ ಬೊಂಬಿನಡಿಯಿಂದ ಪಕ್ಕಕ್ಕೆ ನುಸುಳಿಬಿಟ್ಟಳು. ನುಸುಳಿದ ಮೇಲೆ ತಿರುಗಿ ನೋಡಿದಳು, ಯಾರು ಹೆಗಲು ಕೊಟ್ಟಿದ್ದಾರೆ ಅಂತ. ಯಾರೂ ಇರಲಿಲ್ಲ. ಜುಲೇಖಾ ಕೈ ಚಾಚಿಕೊಂಡು ಓಡಿದ್ದು, ಬೊಂಬಿನ ತುದಿ ನೆಲಕ್ಕೆ ಹೊಡೆದದ್ದು, ನನ್ನ ಹೆಗಲ ಮೇಲಿನ ತುದಿ ನನ್ನನ್ನೂ ಎಳೆದುಕೊಂಡು ಮಂಡಿಯೂರಿಸಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಆಯಿತು. ಇಂದ್ರಾಣಿ ನೆಲದ ಮೇಲಿದ್ದಳು.

ಎತ್ತಿದೆವು. ಎತ್ತಿದೆವು ಅಂದರೆ ಎಳೆದೆವು, ಜಗ್ಗಿದೆವು, ಅತ್ತೆವು. ಕಂಬಳಿ ಹರಿಯಿತು, ಅವಳು ಕದಲಲಿಲ್ಲ. ನಾನು ಅವಳ ಕಂಕುಳಲ್ಲಿ ಕೈ ಹಾಕಿ, ಹಲ್ಲು ಕಚ್ಚಿ, ಇದ್ದಬದ್ದ ದೇವರನ್ನೆಲ್ಲ ಬೈದು ಎತ್ತಿದೆ. ಬೆಟ್ಟವನ್ನೇ ಎತ್ತಲು ಹೋದ ಹಾಗಿತ್ತು. ಜುಲೇಖಾಳ ಖಾಲಿ ಚೀಲ ನೆನಪಾಯಿತು. ಚೀಲವಾದರೆ ಬಿಚ್ಚಿ ಒಳಗಿದ್ದದ್ದನ್ನು ತಂದೆವು. ಮನುಷ್ಯಳನ್ನು ಹೇಗೆ ಬಿಚ್ಚಿ ತರುವುದು? ಜೊತೆಗೆ ಬಂದಿದ್ದ ಊರಿನವರು ಒಬ್ಬೊಬ್ಬರಾಗಿ ಹಿಂದಿರುಗಿದರು. ಕನಿಕರವಿಲ್ಲದ ಜನ ಅಂತ ಶಪಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. ಒಬ್ಬ ಬಿದಿರಿನ ಗಳು ತಂದಿದ್ದ, ಒಬ್ಬಳು ಚಾಪೆ, ಇನ್ನೊಬ್ಬ ಬುಟ್ಟಿಯಲ್ಲಿ ಕಲ್ಲು. ಅವಳ ಸುತ್ತ ಗಳು ನೆಟ್ಟು ಸೂರು ಕಟ್ಟತೊಡಗಿದರು. ಕೊನೆಯ ಮನೆಯ ಸಿದ್ದಾಜಮ್ಮ ಅನ್ನುವ ಮುದುಕಿ ಗಂಜಿ ತಂದು ಇಂದ್ರಾಣಿಗೆ ಕುಡಿಸಿದಳು. "ನಮ್ಮೆಜಮಾನ್ರನ್ನ ನಾನೂ ನನ್ ಮೈದುನಾನೂ ತಂದ್ವಿ," ಅಂದಳು ನನಗೆ. "ಕಂಬ ಕಾಣ್ತು, ಇನ್ನೇನು ಬಂದೇಬುಟ್ವಿ ಅಂತ ಕೈ ಸಡ್ಲಾತು. ಆಗ ನಂಗೆ ತಲೆಗೂದ್ಲು ಕಪ್ಪಗಿತ್ತು, ಕಣವ್ವ."

ಅಷ್ಟು ಹೊತ್ತಿಗೆ ಇಂದ್ರಾಣಿಯ ಜ್ವರ ಇಳಿದು ಕಣ್ಣು ತಿಳಿಯಾಗಿತ್ತು. ನಂಜಮಣ್ಣಿ ಅವಳ ಪಾದ ಹಿಡಿದುಕೊಂಡು ಬಿಕ್ಕುತ್ತಿದ್ದಳು.

"ಅಳಬೇಡ್ವೇ ಮಣ್ಣಿ. ನಿನ್ನ ತಪ್ಪಲ್ಲ. ಬೇಕು ಅಂತ್ಲೇ ಕೊಟ್ಟೆ."

"ಏನು ಬೇಕು ಅಂತ?" ಅಂದೆ ನಾನು.

"ಸೇತುವೆ ತೂಗ್ತಿತ್ತಲ್ಲೇ. ಗಾಳಿ ಸದ್ದು ಕೇಳ್ತಿತ್ತು ನಂಗೆ. ಮಣ್ಣಿ ಕಾಲು ನಡುಗ್ತಿದ್ದದ್ದು ಬೊಂಬಲ್ಲಿ ಗೊತ್ತಾಗ್ತಿತ್ತು. ಬೊಂಬು ಹೊತ್ಕೊಂಡು ದಾಟಕ್ಕೆ ಹೋಗಿದ್ರೆ ನಾಲ್ಕೂ ಜನ ಹೋಗ್ತಿದ್ವಿ. ಜುಲೇಖಾ ಮಗಳ ಮದುವೆ ಐತೆ. ಯಾವಾಗ ಖೋ ಕೊಡಬೇಕು ಅನ್ನೋದು ಕ್ಯಾಪ್ಟನ್‌ಗೆ ಗೊತ್ತಿರಲ್ವಾ?"

"ಯಾರೇ ಕೇಳಿದ್ರು ನಿನ್ನನ್ನ?" ಅಂತ ಕಿರುಚಿದೆ. "ಹೊತ್ತೋಳು ನಾನು. ಹೋದ್ರೆ ಹೋಗ್ತಿದ್ದೆ. ಯಾರು ಕೇಳಿದ್ರು ನಿನ್ನ ಖೋನ?" ಅವಳ ಕೆನ್ನೆಗೆ ಬಾರಿಸಲು ಕೈ ಎತ್ತಿದೆ, ನಿಜ ಹೇಳುತ್ತೇನೆ. ಆ ಕೈಯನ್ನು ಅವಳು ಹಿಡಿದುಕೊಂಡಳು. ಅಲ್ಲಿಂದ ನನಗೆ ಅಳು ಬಂತು.

ಮಲಗಿದವಳಿಗೆ ಹೊಳೆಯ ಗಾಳಿ ಹೊಡೆಯುತ್ತಿದೆಯೆಂದು ಸೇತುವೆ ಕಡೆಯ ಗಳುಗಳಿಗೆ ಸಿದ್ದಾಜಮ್ಮ ಕೊಟ್ಟ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದೆ.

ಬೆಳಗಾಯಿತು. ಎಲೆಯೊಂದೂ ಅಲ್ಲಾಡುತ್ತಿರಲಿಲ್ಲ. ಜುಲೇಖಾ, ನಂಜಮಣ್ಣಿ ಇಬ್ಬರೂ ಹೊರಟು ನಿಂತರು. ಹೋಗಬೇಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ಇಂದ್ರಾಣಿಯೇ "ಹೋಗ್ರೇ, ಮದುವೆ ಊಟದಲ್ಲಿ ನನ್ನ ಎಲೆಗೆ ಎರಡು ಹೋಳಿಗೆ ಹಾಕ್ಸಿ," ಅಂದಳು. ಅವರನ್ನು ಕಳಿಸಲು ನಾನು ಸೀರೆಯ ಮರೆ ದಾಟಿ ಕಂಬದ ತನಕ ಹೋದೆ. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಕೆಲವು ಗಂಡಸರು ಜೋಲಿಯಲ್ಲಿ ಒಬ್ಬ ಮುದುಕನನ್ನು ಹೊತ್ತುಕೊಂಡು, ಹೋ ಹೋ ಅಂತ ಹೆಗಲು ಬದಲಿಸುತ್ತ ಬಂದರು. ನಮ್ಮ ಮುಂದೆಯೇ ಸೇತುವೆ ಹತ್ತಿದರು. ಹಲಗೆ ಕಿರ್ರೆಂದಿತು, ಅಷ್ಟೇ. ಹಗ್ಗಕ್ಕೆ ಅವರು ಕೈಯನ್ನೂ ಹಚ್ಚಲಿಲ್ಲ. ಹಿಂದಿನವನ ಬಾಯಲ್ಲಿ ಬೀಡಿ ಹೊಗೆಯಾಡುತ್ತಿತ್ತು. ಸಂತೆಯಿಂದ ಮೂಟೆ ತರುವವರ ಹಾಗೆ ನಡೆದು, ಆಚೆ ದಡದಲ್ಲಿ ಮುದುಕನನ್ನು ಇಳಿಸಿ, ಬೆನ್ನು ನೆಟ್ಟಗೆ ಮಾಡಿ, ಮತ್ತೆ ಎತ್ತಿಕೊಂಡು ಹೋದರು. ಆ ಕಡೆ ಇಳಿಸಿದರೂ ಎತ್ತಬಹುದು.

ನಂಜಮಣ್ಣಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ. ಆಮೇಲೆ ಅವಳು ತೆವಳದೆ, ನಿಂತೇ, ಜುಲೇಖಾಳ ಕೈ ಕೂಡ ಹಿಡಿಯದೆ ದಾಟಿದಳು. ಆ ಕಡೆ ಹೋದ ಮೇಲೆ ಕುಸಿದು ಕೂತಳು. ಜುಲೇಖಾ ಅವಳನ್ನು ಎಬ್ಬಿಸಿಕೊಂಡು ಹೋದಳು. ಮತ್ತೆ ಅವರನ್ನು ನಾನು ನೋಡಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನಮ್ಮದರಲ್ಲಿ ಕೆಟ್ಟದ್ದು ಯಾರ ಬುದ್ಧಿ ಅಂತ ಹೇಳುವುದಕ್ಕೂ ಆಗದು. ಗಾಳಿ ಸಂಜೆ ಇತ್ತು, ಬೆಳಿಗ್ಗೆ ಇರಲಿಲ್ಲ. ಅಷ್ಟೇ.

"ದೇವೀರಿ," ಅಂತ ಸೀರೆಯ ಆ ಕಡೆಯಿಂದ ದನಿ ಬಂತು. "ಯಾರೋ ಹೊತ್ಕೊಂಡು ಬಂದಂಗಿತ್ತಲ್ಲೇ, ಹೋ ಹೋ ಅಂತಿದ್ರು. ದಾಟಿದ್ರಾ?"

ಒಳಗೆ ಹೋಗಿ ಅವಳ ಪಕ್ಕ ಕೂತೆ. ಅವಳು ನನ್ನನ್ನೇ ನೋಡುತ್ತಿದ್ದಳು. ಇನ್ನು ಏಳದ ಮೈ, ನೆಟ್ಟ ಕಣ್ಣು.

"ಇಲ್ಲ ಕಣೇ," ಅಂದೆ. "ನಡುವೆ ಹೋಗ್ತಿದ್ದಂಗೆ ಸೇತುವೆ ಮಗುಚ್ತು. ಬಿದ್ರು."

"ಎಲ್ಲರೂನಾ?"

"ಎಲ್ಲರೂ."

"ಪಾಪ," ಅಂದಳು. ಬಿದ್ದಾಗಿನಿಂದ ಬಿಗಿದುಕೊಂಡಿದ್ದ ಅವಳ ಹುಬ್ಬು ಸಡಿಲವಾಯಿತು. "ನೋಡಿದ್ಯಾ ಮತ್ತೆ? ನಾನು ಖೋ ಕೊಡದೇ ಇದ್ದಿದ್ರೆ?"

"ನೀನು ಕೊಟ್ಟಿದ್ದಕ್ಕೆ ಉಳ್ಕೊಂಡ್ವಿ," ಅಂದೆ.

ಹೊರಗೆ ಕಲ್ಲು ಜೋಡಿಸುತ್ತಿದ್ದ ಸಿದ್ದಾಜಮ್ಮ ಇದನ್ನೆಲ್ಲ ಕೇಳಿಸಿಕೊಂಡಳು. ತನ್ನ ಮನೆಯ ಬೋಳು ಗೋಡೆಯ ಕಡೆ ಒಮ್ಮೆ ನೋಡಿ, ಮತ್ತೊಂದು ಕಲ್ಲಿಗೆ ಕೈ ಹಾಕಿದಳು.

ಊರಿನ ನಾಟಿವೈದ್ಯ ಕಾಲು ಉಳಿಸಿದ. ಕಾಲು ಉಳಿದು ಏನಾಗಬೇಕು? ಇಲ್ಲಿ ಇಳಿಸಲ್ಪಟ್ಟವರು ಏಳುವುದಿಲ್ಲ, ಬೇಗ ಸಾಯುವುದೂ ಇಲ್ಲ. ಗೋಡೆ ಎದೆಯೆತ್ತರಕ್ಕೆ ಬಂದಾಗ ಗಾರೆಯವನು ಕೈ ಒರೆಸಿಕೊಂಡು ಒಳಗೆ ಇಣುಕಿದ. ಮಲಗಿದವರನ್ನು ಒಂದು ಮಾತು ಕೇಳಬೇಕು, ಅದು ಇಲ್ಲಿನ ಪದ್ಧತಿ. "ಸೇತುವೆ ಕಡೆ ಕಿಟಕಿ ಇಡ್ಲಾ ಅಕ್ಕಾ?" ಅಂದ. ಏನಾದರೂ ನೆಪ ಹೇಳಬೇಕೆಂದು ನಾನು ಬಾಯಿ ತೆರೆಯುವುದರೊಳಗೆ ಇಂದ್ರಾಣಿ ಹೇಳಿದಳು: "ಬೇಡಪ್ಪ. ಮುಚ್ಚಿಬಿಡು."

ಆಮೇಲೆ ನನ್ನ ಕಡೆ ತಿರುಗಲಿಲ್ಲ.

ಅದಾಗಿ ಈಗ ನನ್ನ ಕೂದಲೂ ಬೆಳ್ಳಗಾಗಿದೆ. ಗಳುಗಳಿಗೆ ಕಟ್ಟಿದ್ದ ಆ ಸೀರೆ ಒರೆಸುವ ಬಟ್ಟೆಯಾಗಿ, ಅದೂ ಸವೆದುಹೋಯಿತು. ಯಾರಾದರೂ ಬೊಂಬು ಹೊತ್ತು ಬಂದರೆ ನಾನೂ ಚೊಂಬು ಹಿಡಿದು ಹೊರಗೆ ಓಡುತ್ತೇನೆ, ಇಳಿಸ್ಬೇಡಿ ಇಳಿಸ್ಬೇಡಿ ಅನ್ನುತ್ತ ಕಂಬದ ತನಕ ಹೋಗುತ್ತೇನೆ. ಕೆಲವರು ಇಳಿಸುತ್ತಾರೆ, ಅವರಿಗೆ ಕಲ್ಲು ಹೊರುತ್ತೇನೆ. ಹೆಚ್ಚಿನವರು ದಾಟುತ್ತಾರೆ. ಒಳಗೆ ಬಂದರೆ ಅವಳು ಕೇಳುತ್ತಾಳೆ, ನಾನು ಹೇಳುತ್ತೇನೆ. ಆ ಸೇತುವೆಯಿಂದ ಇಷ್ಟು ವರ್ಷಗಳಲ್ಲಿ ಒಬ್ಬರೂ ಬಿದ್ದಿಲ್ಲ. ನನ್ನ ಬಾಯಲ್ಲಿ ಬಿದ್ದು ಸತ್ತವರಿಗೆ ಮಾತ್ರ ಲೆಕ್ಕವಿಲ್ಲ.

ಇವತ್ತು ಸಂಜೆ ಒಬ್ಬ ಬಾಣಂತಿಯನ್ನು ತಂದರು. ಮಗುವನ್ನು ಅವಳ ತಾಯಿ ಎದೆಗೆ ಕಟ್ಟಿಕೊಂಡು ಹಿಂದೆ ನಡೆಯುತ್ತಿದ್ದಳು. ಗಾಳಿಯಿತ್ತು, ಸೇತುವೆ ತೂಗುತ್ತಿತ್ತು, ಆದರೂ ದಾಟಿದರು. ಆಚೆ ದಡದ ಹುಲ್ಲಿನ ಮೇಲೆ ಬಾಣಂತಿಯನ್ನು ಇಳಿಸಿದರು. ಅವಳು ಎದ್ದು ಕೂತು ಮಗುವಿಗೆ ಹಾಲು ಕೊಡುವುದನ್ನು ಈಚೆಯಿಂದ ನೋಡಿದೆ. ಆಮೇಲೆ ಒಳಗೆ ಬಂದು ದೀಪ ಹಚ್ಚಿದೆ.

"ಏನಾಯ್ತೇ?" ಅಂದಳು ಇಂದ್ರಾಣಿ.

ಬಾಣಂತಿಯನ್ನು, ಅವಳ ತಾಯಿಯನ್ನು, ಹೊತ್ತವರನ್ನು, ಮಗುವನ್ನೂ ಸೇರಿಸಿ ಹೊಳೆಗೆ ಹಾಕಿದೆ.

"ಪಾಪ," ಅಂದಳು, ನನ್ನ ಕೈ ಹಿಡಿದುಕೊಂಡು.